ಉಮ್ಮಾ, ಪೀಠಿಕೆ ಹೇಳಿ ಕೊಡಿ!

ರಾತ್ರಿಯ ಊಟ ಮುಗಿದಿದೆ. ಪಾತ್ರೆ ತೊಳೆದಿಟ್ಟು ಇನ್ನೇನು ಇಶಾ ನಮಾಝ್‌ಗೆ ವುಝೂ ಮಾಡಬೇಕು ಎನ್ನುವಷ್ಟರಲ್ಲಿ ಮಗಳು ನೋಟ್ ಪುಸ್ತಕ ಹಿಡಿದುಕೊಂಡು ಅಡುಗೆ ಮನೆಯ ಬಾಗಿಲಿಗೆ ಬರುತ್ತಾಳೆ. "ಉಮ್ಮಾ, ನಾಳೆ ಪ್ರಬಂಧ ಬರೆದುಕೊಂಡು ಹೋಗಬೇಕು. 'ಮೊಬೈಲ್ ಫೋನ್ ವರವೋ ಶಾಪವೋ?' ಒಂದು ಪೀಠಿಕೆ ಹೇಳಿ ಕೊಡಿ."

ನೀವು ಏನು ಹೇಳುತ್ತೀರಿ? "ಇಷ್ಟು ಹೊತ್ತು ಏನು ಮಾಡುತ್ತಿದ್ದೆ?" ಎಂದು ಗದರುತ್ತೀರಿ. ಅದು ಸಹಜ. ಆಮೇಲೆ? "ಗೈಡ್ ನೋಡಿ ಬರಿ" ಅನ್ನುತ್ತೀರಿ. ಗೈಡ್‌ನಲ್ಲಿ ಪೀಠಿಕೆ ಸಿದ್ಧವಾಗಿಯೇ ಇದೆ. 'ಇಂದಿನ ವಿಜ್ಞಾನ ಯುಗದಲ್ಲಿ...' ಎಂದು ಅದು ಶುರುವಾಗುತ್ತದೆ. ಹಲವು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ವಿಷಯ ಮೊಬೈಲ್ ಆಗಿರಲಿ, ಪರಿಸರ ಮಾಲಿನ್ಯ ಆಗಿರಲಿ, ವರದಕ್ಷಿಣೆ ಆಗಿರಲಿ, ನಲವತ್ತು ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ ಮೂವತ್ತಾದರೂ ಈ ವಿಜ್ಞಾನ ಯುಗದಿಂದಲೇ ಆರಂಭವಾಗುತ್ತಿದ್ದವು. ವರದಕ್ಷಿಣೆಗೂ ವಿಜ್ಞಾನ ಯುಗಕ್ಕೂ ಏನು ಸಂಬಂಧ ಎಂದು ಒಮ್ಮೆ ಕೇಳಿದ್ದೆ. "ಪೀಠಿಕೆ ಅಂದರೆ ಹಾಗೇ ಅಲ್ಲವಾ ಟೀಚರ್?" ಎಂದಳು ಹುಡುಗಿ, ಬಹಳ ಪ್ರಾಮಾಣಿಕವಾಗಿ.

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಈ ಮೂರು ಕೋಣೆಗಳ ಮನೆಯನ್ನು ನಮ್ಮ ಮಕ್ಕಳು ಐದನೇ ತರಗತಿಯಿಂದಲೇ ಕಟ್ಟುತ್ತಾರೆ. ಆದರೆ ಆ ಮನೆಯಲ್ಲಿ ಯಾರೂ ವಾಸವಿರುವುದಿಲ್ಲ. ಬರೆದವಳ ಅಭಿಪ್ರಾಯ ಅಲ್ಲಿ ಎಲ್ಲೂ ಕಾಣಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಯಲ್ಲಿ ಪ್ರಬಂಧ, ಪತ್ರ ಲೇಖನ, ಗಾದೆಯ ವಿಸ್ತರಣೆ ಎಲ್ಲವೂ ಬರುತ್ತವೆ. ಅಂಕದ ಚಿಂತೆ ಇರಬೇಕಾದದ್ದೇ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಅಂಕಕ್ಕಿಂತ ತುಸು ದೂರದ ಮಾತು. ನಾಳೆ ಆ ಹುಡುಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯಬೇಕು, ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿದೆಯೆಂದು ಕಚೇರಿಗೆ ಮನವಿ ಕೊಡಬೇಕು, ಮುಂದೆ ಓದುತ್ತೇನೆಂದು ಮನೆಯ ಹಿರಿಯರನ್ನು ಒಪ್ಪಿಸಬೇಕು. ಆಗ ಗೈಡ್ ಜೊತೆಗೆ ಬರುವುದಿಲ್ಲ.

ಮನವೊಲಿಸುವ ಬರಹ ಎಂದರೆ ಏನು? 'ನಮ್ಮ ಶಾಲೆಯ ಪ್ರವಾಸ' ಎಂದು ಬರೆಯುವಾಗ ಕಂಡದ್ದನ್ನು ಹೇಳಿದರೆ ಸಾಕು. 'ವರವೋ ಶಾಪವೋ' ಎಂದು ಕೇಳಿದಾಗ ಕಂಡದ್ದನ್ನು ಹೇಳಿದರೆ ಸಾಲದು, ಒಂದು ಪಕ್ಷ ಹಿಡಿಯಬೇಕು. ನಮ್ಮ ಮಕ್ಕಳು ಇಲ್ಲೇ ಜಾರಿಕೊಳ್ಳುತ್ತಾರೆ. 'ಮೊಬೈಲ್ ವರವೂ ಹೌದು, ಶಾಪವೂ ಹೌದು, ಹಿತಮಿತವಾಗಿ ಬಳಸಬೇಕು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಾರಿಗೂ ನೋವಾಗುವುದಿಲ್ಲ, ಯಾರ ಮನಸ್ಸೂ ಬದಲಾಗುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ವಿಷಯವನ್ನು ಸಣ್ಣದು ಮಾಡುವುದು. 'ಹತ್ತನೇ ತರಗತಿಯ ಮಕ್ಕಳ ಕೈಗೆ ರಾತ್ರಿ ಒಂಬತ್ತರ ನಂತರ ಮೊಬೈಲ್ ಕೊಡಬಾರದು.' ಈಗ ನೋಡಿ, ಇದರ ಮೇಲೆ ವಾದ ಮಾಡಬಹುದು. ಮಗಳೇ ಎದ್ದು ನಿಂತು ವಿರೋಧಿಸುತ್ತಾಳೆ! ವಿರೋಧಿಸಲಿ. ಅವಳು ಹೇಳುವ ಪ್ರತಿ ಮಾತಿಗೂ "ಯಾಕೆ?" ಎಂದು ಕೇಳಿ. "ಟೀಚರ್ ರಾತ್ರಿಯೇ ಹೋಂವರ್ಕ್ ಕಳುಹಿಸುತ್ತಾರೆ" ಅನ್ನುತ್ತಾಳೆ. "ಎಷ್ಟು ದಿನ ಹಾಗೆ ಕಳುಹಿಸಿದ್ದಾರೆ? ಕಳೆದ ವಾರ ಎಷ್ಟು ಸಲ?" ಎಂದು ಕೇಳಿ. ಅವಳು ಲೆಕ್ಕ ಹಾಕತೊಡಗುತ್ತಾಳೆ. ಆ ಲೆಕ್ಕವೇ ಆಧಾರ. ಆಧಾರವಿಲ್ಲದ ಅಭಿಪ್ರಾಯ ಹಠ ಮಾತ್ರ.

"ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು, ನನ್ನಿಂದ ಏನಾಗುತ್ತದೆ?" ಎಂದು ಕೆಲವು ತಾಯಂದಿರು ನನ್ನಲ್ಲಿ ಹೇಳಿದ್ದುಂಟು. ಈ ಕೆಲಸಕ್ಕೆ ನಿಮಗೆ ವ್ಯಾಕರಣ ಗೊತ್ತಿರಬೇಕಿಲ್ಲ. ಮಗಳು ಬರೆದದ್ದನ್ನು ಅವಳ ಬಾಯಿಂದಲೇ ಗಟ್ಟಿಯಾಗಿ ಓದಿಸಿ. ನೀವು ಮೀನು ಹಚ್ಚುತ್ತಲೋ ಅಕ್ಕಿ ಆರಿಸುತ್ತಲೋ ಕೇಳಿಸಿಕೊಂಡರೆ ಸಾಕು. ಎಲ್ಲಿ ನಿಮಗೆ ಅರ್ಥವಾಗಲಿಲ್ಲವೋ, ಎಲ್ಲಿ "ಇದು ಸರಿಯಲ್ಲ" ಅನ್ನಿಸಿತೋ ಅಲ್ಲಿ ನಿಲ್ಲಿಸಿ. ಒಪ್ಪದೆ ಇರುವ ಒಬ್ಬ ಕೇಳುಗಳು ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಟ್ಯೂಷನ್ ಬೇರೆ ಇಲ್ಲ.

ನಜ್ಜಾಶಿಯ ದರ್ಬಾರಿನಲ್ಲಿ

ಮನವೊಲಿಸುವ ಮಾತು ಹೇಗಿರಬೇಕೆಂದು ತರಗತಿಯಲ್ಲಿ ವಿವರಿಸಬೇಕಾದಾಗ ನಾನು ಪಠ್ಯಪುಸ್ತಕ ಮುಚ್ಚಿಟ್ಟು ಒಂದು ಘಟನೆ ಹೇಳುತ್ತಿದ್ದೆ. ನಮ್ಮ ಮಕ್ಕಳು ಅದನ್ನು ಮದ್ರಸದಲ್ಲಿ ಕೇಳಿಯೇ ಇರುತ್ತಾರೆ. ಆದರೆ ಅದರಲ್ಲಿ ಒಂದು ಭಾಷಾ ಪಾಠವೂ ಇದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಕ್ರಿ.ಶ. 615ರ ಸುಮಾರು. ಮಕ್ಕಾದ ಕುರೈಶರ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ವಲಸೆ ಹೋಯಿತು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ನ್ಯಾಯವಂತನೆಂದು ಹೆಸರಾಗಿದ್ದ. ಕುರೈಶರು ಸುಮ್ಮನಿರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅ ಎಂಬ ಇಬ್ಬರನ್ನು ತೊಗಲಿನ ಉಡುಗೊರೆಗಳೊಂದಿಗೆ ಕಳುಹಿಸಿದರು. ಇವರು ಜಾಣರು. ದೊರೆಯನ್ನು ಕಾಣುವ ಮೊದಲೇ ದರ್ಬಾರಿನ ಪಾದ್ರಿಗಳಿಗೆಲ್ಲ ಒಂದೊಂದು ಉಡುಗೊರೆ ಮುಟ್ಟಿಸಿ, "ಆ ಜನರ ಮಾತನ್ನು ಕೇಳದೆಯೇ ನಮಗೆ ಒಪ್ಪಿಸುವಂತೆ ದೊರೆಗೆ ಸಲಹೆ ಕೊಡಿ" ಎಂದು ಒಪ್ಪಿಸಿಟ್ಟಿದ್ದರು. ಅವರಿಗೆ ಹೆದರಿಕೆ ಇದ್ದದ್ದು ಖಡ್ಗಕ್ಕಲ್ಲ, ಮಾತಿಗೆ. ಆದರೆ ನಜ್ಜಾಶಿ, ಕೇಳದೆ ಯಾರನ್ನೂ ಒಪ್ಪಿಸುವುದಿಲ್ಲವೆಂದು ಮುಸ್ಲಿಮರನ್ನು ಕರೆಸಿದ.

ಅವರ ಪರವಾಗಿ ಮಾತನಾಡಿದವರು ಜಅ್‌ಫರ್ ಬಿನ್ ಅಬೀ ತಾಲಿಬ್(ರ). ಅವರು ಎಲ್ಲಿಂದ ಆರಂಭಿಸಿದರು ನೋಡಿ. ಕುರೈಶರನ್ನು ಬೈಯಲಿಲ್ಲ. ದೊರೆಯನ್ನು ಹೊಗಳುವುದರಿಂದಲೂ ಆರಂಭಿಸಲಿಲ್ಲ. ತಮ್ಮದೇ ಜನರ ತಪ್ಪಿನಿಂದ ಆರಂಭಿಸಿದರು. ನಾವು ಅಜ್ಞಾನದಲ್ಲಿದ್ದೆವು, ವಿಗ್ರಹಗಳನ್ನು ಪೂಜಿಸುತ್ತಿದ್ದೆವು, ಸತ್ತ ಪ್ರಾಣಿಯನ್ನು ತಿನ್ನುತ್ತಿದ್ದೆವು, ರಕ್ತಸಂಬಂಧ ಕಡಿಯುತ್ತಿದ್ದೆವು, ನೆರೆಯವರನ್ನು ಪೀಡಿಸುತ್ತಿದ್ದೆವು, ನಮ್ಮಲ್ಲಿ ಬಲಿಷ್ಠರು ದುರ್ಬಲರನ್ನು ನುಂಗುತ್ತಿದ್ದರು ಎಂಬುದು ಅವರ ಮೊದಲ ಮಾತಿನ ಸಾರ. ಅನಂತರ ಪ್ರವಾದಿ(ಸ)ರ ಆಗಮನ. ಆಗಲೂ ವಿಶೇಷಣಗಳ ಸುರಿಮಳೆ ಇಲ್ಲ. ಅವರ ವಂಶ, ಸತ್ಯಸಂಧತೆ, ಪ್ರಾಮಾಣಿಕತೆ ನಮಗೆ ಮೊದಲೇ ಗೊತ್ತಿತ್ತು ಎಂಬ, ಪರೀಕ್ಷಿಸಿ ನೋಡಬಹುದಾದ ಸಂಗತಿ. ಅನಂತರ ಅವರು ಏನನ್ನು ಕಲಿಸಿದರು ಎಂಬ ವಿವರ. ನಂತರ, ಇದನ್ನು ನಂಬಿದ್ದಕ್ಕೆ ನಮಗೆ ಏನಾಯಿತು ಎಂಬುದು. ಎಲ್ಲಕ್ಕಿಂತ ಕೊನೆಯಲ್ಲಿ ಒಂದೇ ಒಂದು ಬೇಡಿಕೆ: ಬೇರೆಯವರನ್ನು ಬಿಟ್ಟು ನಿಮ್ಮ ನಾಡನ್ನು ಆರಿಸಿಕೊಂಡೆವು, ಇಲ್ಲಿ ನಮಗೆ ಅನ್ಯಾಯವಾಗದೆಂಬ ಭರವಸೆಯಿಂದ.

ಕುರ್‌ಆನಿನಿಂದ ಏನಾದರೂ ಓದು ಎಂದು ದೊರೆ ಕೇಳಿದಾಗ ಜಅ್‌ಫರ್(ರ) ಆರಿಸಿದ್ದು 'ಮರ್ಯಮ್' ಅಧ್ಯಾಯದ ಆರಂಭದ ಭಾಗವನ್ನು. ಕೇಳುತ್ತಿದ್ದವನು ಕ್ರೈಸ್ತ ದೊರೆ! ಗಡ್ಡ ತೋಯುವಂತೆ ಆತ ಅತ್ತನೆಂದು ಚರಿತ್ರೆ ಹೇಳುತ್ತದೆ. ಮರುದಿನ ಅಮ್ರ್ ಮತ್ತೆ ಬಂದು, "ಇವರು ಈಸಾರ ಬಗ್ಗೆ ಭಾರೀ ಮಾತನ್ನಾಡುತ್ತಾರೆ" ಎಂದು ಕೆಣಕಿದ. ಮುಸ್ಲಿಮರಿಗೆ ಅದು ಅತ್ಯಂತ ಕಠಿಣ ಗಳಿಗೆ. ದೊರೆಗೆ ಹಿತವಾಗುವಂತೆ ಮಾತು ತಿರುಚಬಹುದಿತ್ತು. ಅವರು ತಮ್ಮ ನಂಬಿಕೆಯನ್ನೇ, ಇದ್ದದ್ದನ್ನು ಇದ್ದಂತೆ ಹೇಳಿದರು. ಉಡುಗೊರೆಗಳನ್ನು ನಜ್ಜಾಶಿ ಹಿಂದಿರುಗಿಸಿದ.

ಈ ಪ್ರಸಂಗ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಯಾರಿಂದ ಗೊತ್ತೇ? ಆ ವಲಸಿಗರಲ್ಲಿ ಒಬ್ಬರಾಗಿದ್ದ ಉಮ್ಮು ಸಲಮಾ(ರ)ರಿಂದ. ಇಬ್ನ್ ಇಸ್‌ಹಾಕರ ಚರಿತ್ರೆ ಈ ವರದಿಯನ್ನು ಅವರ ಹೆಸರಿನಲ್ಲೇ ದಾಖಲಿಸಿದೆ. ವಾದದ ಕ್ರಮ ತಪ್ಪದಂತೆ ನೆನಪಿಟ್ಟು ಮುಂದಿನವರಿಗೆ ದಾಟಿಸಿದವರು ಒಬ್ಬ ಮಹಿಳೆ. ತರಗತಿಯಲ್ಲಿ ಇಷ್ಟು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯರು ನೇರ ಕುಳಿತುಕೊಳ್ಳುತ್ತಿದ್ದರು.

ಇದನ್ನು ಪ್ರಬಂಧಕ್ಕೆ ಹೊಂದಿಸುವುದು ಕಷ್ಟವೇನಲ್ಲ. ಕೇಳುವವರು ಯಾರೆಂದು ತಿಳಿದುಕೊಂಡು ಉದಾಹರಣೆ ಆರಿಸುವುದು. ನಮ್ಮ ಕಡೆಯ ತಪ್ಪಿದ್ದರೆ ನಾವೇ ಮೊದಲು ಹೇಳಿಬಿಡುವುದು. ಎದುರಿನವರು ಹಾಕಬಹುದಾದ ಪ್ರಶ್ನೆಯನ್ನು ಅಡಗಿಸಿಡದೆ ಎತ್ತಿಕೊಂಡು ಉತ್ತರಿಸುವುದು. ಬೇಡಿಕೆ ಒಂದೇ ಇರುವುದು, ಅದು ಸ್ಪಷ್ಟವಾಗಿರುವುದು. ವಾದ ಮಾಡುವುದಾದರೆ ಅತ್ಯುತ್ತಮ ರೀತಿಯಲ್ಲಿ ಮಾಡಬೇಕೆಂಬ ಸೂಚನೆ ಅನ್ನಹ್ಲ್ ಅಧ್ಯಾಯದ 125ನೇ ಸೂಕ್ತದಲ್ಲಿರುವುದು ನಿಮಗೆ ಗೊತ್ತು. ನಮ್ಮ ಮಕ್ಕಳು ಬರೆಯುವ ಪ್ರಬಂಧಗಳಲ್ಲಾದರೋ 'ಇದನ್ನು ಒಪ್ಪದವರು ಮೂರ್ಖರು' ಎಂಬಂಥ ವಾಕ್ಯಗಳು ಧಾರಾಳವಾಗಿರುತ್ತವೆ. ಟಿ.ವಿ. ಚರ್ಚೆಗಳನ್ನು ನೋಡಿ ಕಲಿತದ್ದಿರಬೇಕು.

ಮನೆಯೊಳಗಿನ ಕನ್ನಡ

ಇನ್ನು ಪದಸಂಪತ್ತು. ನಮ್ಮ ಹೆಚ್ಚಿನ ಮನೆಗಳಲ್ಲಿ ಕನ್ನಡ ಮನೆಮಾತಲ್ಲ. ಕೆಲವೆಡೆ ಬ್ಯಾರಿ, ಕೆಲವೆಡೆ ಉರ್ದು, ಭಟ್ಕಳದ ಕಡೆ ನವಾಯತಿ. ಮಗು ಕನ್ನಡವನ್ನು ಶಾಲೆಯ ಗೇಟಿನೊಳಗೆ ಕಲಿತು ಗೇಟಿನ ಹೊರಗೆ ಬಿಟ್ಟು ಬರುತ್ತದೆ. ಹಾಗಾಗಿ "ನಮಗೆ ಕನ್ನಡ ಕಷ್ಟ" ಎಂಬ ಭಾವನೆ ಬೇರೂರಿದೆ.

ಆದರೆ ನಮ್ಮ ಮನೆಯ ಮಾತಿಗೂ ಕನ್ನಡಕ್ಕೂ ಇರುವ ನಂಟನ್ನು ಮಕ್ಕಳಿಗೆ ಯಾರೂ ತೋರಿಸಿಲ್ಲ. ಮಗು ಮದ್ರಸದಲ್ಲಿ ಮೊದಲು ಹಿಡಿಯುವ ಪುಸ್ತಕ 'ಕಾಯಿದಾ'. ಕನ್ನಡದ 'ಕಾಯಿದೆ' ಅದೇ ಪದ. ರಾತ್ರಿ ಮಲಗುವಾಗ ಓದುವ ಆಯತುಲ್ ಕುರ್ಸಿಯ 'ಕುರ್ಸಿ'ಯೇ ತರಗತಿಯಲ್ಲಿ ಟೀಚರ್ ಕೂರುವ 'ಕುರ್ಚಿ'. ಹಕ್ಕು, ಅರ್ಜಿ, ದಾವೆ, ವಕೀಲ, ಸಾಬೀತು, ಹಾಜರಿ, ತಾರೀಖು, ಜಿಲ್ಲೆ, ತಾಲೂಕು ಎಲ್ಲವೂ ಅರಬಿ ಮೂಲದವು. ಕಾಗದ, ಫಿರ್ಯಾದು ಪಾರ್ಸಿ ಕಡೆಯಿಂದ ಬಂದವು. 'ರೈತ' ಕೂಡ ಅರಬಿಯ 'ರಇಯ್ಯತ್'ನಿಂದ ಬಂದದ್ದೆಂದು ಹೇಳಿದರೆ ಎಷ್ಟೋ ಮಂದಿ ನಂಬುವುದಿಲ್ಲ. ಇನ್ನು 'ತಕರಾರು'. ಅರಬಿಯಲ್ಲಿ 'ತಕ್ರಾರ್' ಎಂದರೆ ಮತ್ತೆ ಮತ್ತೆ ಹೇಳುವುದು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ತಕರಾರು ಆಗದೆ ಇನ್ನೇನಾದೀತು!

ಗಮನಿಸಿದಿರಾ? ಈ ಪದಗಳಲ್ಲಿ ಹೆಚ್ಚಿನವು ಕಚೇರಿ, ನ್ಯಾಯಾಲಯಗಳ ಪದಗಳು. ಅಂದರೆ ವಾದ ಮಾಡಲು, ಮನವಿ ಕೊಡಲು ಬೇಕಾದ ಪದಗಳೇ. ಪಾರ್ಸಿಯ 'ದಾರ' ಎಂಬ ಬಾಲ ಕನ್ನಡದ ಪದಗಳಿಗೂ ಅಂಟಿಕೊಂಡಿದೆ: ಗುತ್ತಿಗೆದಾರ, ಪಾಲುದಾರ, ಬಾಡಿಗೆದಾರ. ಹೀಗೆ ಒಂದು ತುಂಡು ಗೊತ್ತಾದರೆ ಹತ್ತು ಪದಗಳ ಬಾಗಿಲು ತೆರೆಯುತ್ತದೆ. 'ಹೊಣೆ' ಗೊತ್ತಿದ್ದರೆ ಹೊಣೆಗಾರ, ಹೊಣೆಗಾರಿಕೆ, ಹೊಣೆಗೇಡಿ. 'ಕಲಿ' ಗೊತ್ತಿದ್ದರೆ ಕಲಿಕೆ, ಕಲಿಸು, ಕಲಿತವಳು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಾಯಿಪಾಠ ಮಾಡಿದ ಪದ ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋಗುತ್ತದೆ.

ದೊಡ್ಡ ದೊಡ್ಡ ಸಂಸ್ಕೃತ ಪದಗಳನ್ನು ತುರುಕಿದರೆ ಅಂಕ ಹೆಚ್ಚು ಸಿಗುತ್ತದೆಂಬ ಭ್ರಮೆಯೊಂದಿದೆ. ಅರ್ಥ ಗೊತ್ತಿಲ್ಲದ ಪದ, ಅಳತೆಗೆ ಸರಿಹೊಂದದ ಚಪ್ಪಲಿಯಂತೆ. ನಡೆಯುವಾಗ ಎಡವುವುದು ಖಂಡಿತ. ಬೇಕಾಗಿರುವುದು ದೊಡ್ಡ ಪದವಲ್ಲ, ತಕ್ಕ ಪದ. 'ಹೇಳಿದರು' ಎಂಬ ಒಂದೇ ಪದವನ್ನು ಮಕ್ಕಳು ಒಂದು ಪುಟದಲ್ಲಿ ಹತ್ತು ಸಲ ಬರೆಯುತ್ತಾರೆ. ಒಪ್ಪಿಕೊಂಡರು, ಅಲ್ಲಗಳೆದರು, ಸಮರ್ಥಿಸಿದರು, ಆಕ್ಷೇಪಿಸಿದರು, ಎಚ್ಚರಿಸಿದರು, ವಿನಂತಿಸಿದರು. ಪ್ರತಿಯೊಂದಕ್ಕೂ ಬೇರೆಯದೇ ಮುಖವಿದೆ. ಹಾಗೆಯೇ 'ಮತ್ತು', 'ಆದರೆ' ಎರಡರಲ್ಲೇ ಪ್ರಬಂಧ ಮುಗಿಸುವ ಬದಲು 'ಹಾಗಿದ್ದರೂ', 'ಆದ್ದರಿಂದ', 'ಒಂದು ವೇಳೆ', 'ಬದಲಾಗಿ', 'ಅಷ್ಟೇ ಅಲ್ಲ' ಮುಂತಾದ ಪದಗಳನ್ನು ಬಳಸುವುದು ರೂಢಿಯಾದರೆ ವಾದಕ್ಕೆ ಕೀಲು ಸಿಕ್ಕಂತೆ. 'ಆದ್ದರಿಂದ' ಎಂದು ಬರೆದ ಮೇಲೆ ಮುಂದಿನ ಮಾತು ಹಿಂದಿನದರಿಂದಲೇ ಹುಟ್ಟಬೇಕು. ಅಲ್ಲಿ ಮೋಸ ನಡೆಯುವುದಿಲ್ಲ.

ಅಕ್ಷರದ ತಪ್ಪುಗಳ ಬಗ್ಗೆ ಒಂದೇ ಮಾತು. ಉರ್ದುವಿನಲ್ಲಿ 'ಳ' ಇಲ್ಲದ ಕಾರಣ ಉರ್ದು ಮಾತಾಡುವ ಮಕ್ಕಳು 'ಬೆಳೆ' ಬರೆಯಬೇಕಾದಲ್ಲಿ 'ಬೆಲೆ' ಬರೆದುಬಿಡುತ್ತಾರೆ. 'ಹಾಳು' ಹೋಗಿ 'ಹಾಲು' ಆಗುತ್ತದೆ. ಕೆಲವರಿಗೆ 'ದನ'ವೂ 'ಧನ'ವೂ ಒಂದೇ. ಇದಕ್ಕೆ ನಗಬೇಡಿ. ಗಟ್ಟಿಯಾಗಿ ಓದಿಸಿ. ಕುರ್‌ಆನ್ ಓದುವಾಗ ಒಂದೊಂದು ಅಕ್ಷರವೂ ಹೊರಡುವ ಸ್ಥಾನವನ್ನು ಉಸ್ತಾದರು ತಿದ್ದಿ ತಿದ್ದಿ ಕಲಿಸಿರುತ್ತಾರೆ. 'ಸೀನ್' ಮತ್ತು 'ಸ್ವಾದ್' ನಡುವಿನ ವ್ಯತ್ಯಾಸ ಹಿಡಿಯಬಲ್ಲ ಕಿವಿಗೆ 'ಲ' ಮತ್ತು 'ಳ' ದೊಡ್ಡದಲ್ಲ.

ಹಳೆಯ ಕ್ಯಾಲೆಂಡರಿನ ಹಿಂಬದಿಯ ಖಾಲಿ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಡಿ. ದಿನಕ್ಕೆ ಮೂರೇ ಪದ. ಆ ಪದ ಬಳಸಿ ತನ್ನ ಮನೆಯ, ತನ್ನ ಬೀದಿಯ ಬಗ್ಗೆ ಒಂದೊಂದು ವಾಕ್ಯ. ಇನ್ನೂರು ದಿನಕ್ಕೆ ಆರುನೂರು ಪದವಾಯಿತು. ಪತ್ರಿಕೆಗಳ ಓದುಗರ ಪತ್ರಗಳನ್ನು ಓದಿಸಿ, ಐದು ವಾಕ್ಯದಲ್ಲಿ ಅಹವಾಲು ಹೇಳುವುದು ಹೇಗೆಂದು ಅಲ್ಲಿ ಕಾಣುತ್ತದೆ. ಜುಮಾ ಮುಗಿಸಿ ಬಂದ ಮಗನಲ್ಲಿ "ಇವತ್ತು ಖತೀಬರು ಏನು ಹೇಳಿದರು? ಕನ್ನಡದಲ್ಲಿ ಹೇಳು" ಎಂದು ಕೇಳಿ. ಮೊದಲ ವಾರ ತಲೆ ಕೆರೆದುಕೊಳ್ಳುತ್ತಾನೆ. ಎರಡನೇ ವಾರದಿಂದ ಗಮನವಿಟ್ಟು ಕೇಳುತ್ತಾನೆ, ಅದು ಬೇರೆ ಲಾಭ! ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯ (1913-2021) ಅವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದ ಸಂಶಯಗಳಿಗೆ ಉತ್ತರಿಸುತ್ತಿದ್ದರು. ಅವು ಪುಸ್ತಕವಾಗಿಯೂ ಬಂದಿವೆ. ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಮನೆಮಾತು ಬೇರೆಯಾದವರು ಕನ್ನಡದಲ್ಲಿ ಬರೆಯಲಾರರೆಂದು ಯಾರಾದರೂ ಹೇಳಿದರೆ ಹಾಸನದ ಬಾನು ಮುಷ್ತಾಕ್ ಅವರ ಹೆಸರು ಹೇಳಿ. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಬಾಲಕಿ ಬರೆಯತೊಡಗಿದಳು. 2025ರಲ್ಲಿ ಅವರ ಕನ್ನಡ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಎರಡು ಪತ್ರಗಳು

ಕೊನೆಯಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳಬೇಕು. ಹತ್ತನೇ ತರಗತಿ ಮುಗಿಸಿ ಪೇಟೆಯ ಕಾಲೇಜಿಗೆ ಸೇರಿದ್ದಳು. ಹದಿನಾರು ಕಿಲೋಮೀಟರ್ ದೂರ. ಕಾಲೇಜು ಬಿಡುವುದು 4.15ಕ್ಕೆ, ಅವಳ ಊರಿನ ಬಸ್ಸು ಹೊರಡುವುದು 4.10ಕ್ಕೆ. ಮುಂದಿನ ಬಸ್ಸು 5.50ಕ್ಕೆ. ಮನೆ ಮುಟ್ಟುವಾಗ ಏಳು ಗಂಟೆ. ತಂದೆ ಸೌದಿಯಲ್ಲಿ. "ಈ ವರ್ಷ ಮುಗಿಸಿ ಸಾಕು ಮಾಡು" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಅವಳು ಬಸ್ಸಿನವರಿಗೆ ಒಂದು ಮನವಿ ಬರೆದು ನನ್ನಲ್ಲಿ ತಿದ್ದಿಸಲು ಬಂದಳು. 'ಭಯಂಕರ ಕಷ್ಟ', 'ಘೋರ ಅನ್ಯಾಯ', 'ಕಣ್ಣಿದ್ದೂ ಕುರುಡರಾದ ಅಧಿಕಾರಿಗಳು' ಎಲ್ಲ ಇತ್ತು. ಬಸ್ಸಿನ ಸಮಯ ಮಾತ್ರ ಇರಲಿಲ್ಲ! "ಇದನ್ನು ಓದಿದವರಿಗೆ ನಿನ್ನ ಮೇಲೆ ಸಿಟ್ಟು ಬರುತ್ತದೆ, ಬಸ್ಸು ಬರುವುದಿಲ್ಲ" ಎಂದೆ. ಎರಡನೇ ಸಲ ಬರೆದು ತಂದಾಗ ಅದರಲ್ಲಿ ಸಮಯವಿತ್ತು, ಹದಿನೇಳು ವಿದ್ಯಾರ್ಥಿಗಳ ಲೆಕ್ಕವಿತ್ತು, ಅವರಲ್ಲಿ ಹನ್ನೊಂದು ಮಂದಿ ಹುಡುಗಿಯರೆಂದಿತ್ತು. "ಉಳಿದ ಪ್ರಯಾಣಿಕರಿಗೆ ತಡವಾಗುವುದಿಲ್ಲವೇ ಎಂದು ಕೇಳುತ್ತಾರೆ, ಏನು ಹೇಳುತ್ತೀ?" ಎಂದೆ. ಎರಡು ದಿನ ಬಿಟ್ಟು ಬಂದಳು. ಬೀಡಿ ಕೊಟ್ಟು ಅದೇ ಬಸ್ಸಿನಲ್ಲಿ ಹಿಂದಿರುಗುವ ಹೆಂಗಸರನ್ನೆಲ್ಲ ಕೇಳಿ, ಹದಿನೈದು ನಿಮಿಷ ತಡವಾದರೆ ತೊಂದರೆ ಇಲ್ಲವೆಂದು ಅವರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡಿದ್ದಳು. ಬೇಡಿಕೆ ಒಂದೇ: ಬಸ್ಸು 4.25ಕ್ಕೆ ಹೊರಡಲಿ. 'ಮಗ್ರಿಬ್ ಬಾಂಗ್ ಕಳೆದು ಮನೆ ಮುಟ್ಟುತ್ತೇವೆ' ಎಂದು ಬರೆದಿದ್ದಳು. ಅದನ್ನು ಮಾತ್ರ ನಾನು ಕೆಂಪು ಶಾಯಿಯಲ್ಲಿ 'ಕತ್ತಲಾದ ಮೇಲೆ, ಏಳು ಗಂಟೆಗೆ' ಎಂದು ತಿದ್ದಿದೆ. ಓದುವವರು ಯಾರೆಂದು ನೋಡಬೇಕಲ್ಲ. ಮೂರು ತಿಂಗಳು ಹಿಡಿಯಿತು, ಎರಡು ಸಲ ನೆನಪೋಲೆ ಹೋಯಿತು, ಬಸ್ಸಿನ ಸಮಯ ಬದಲಾಯಿತು.

ಆದರೆ ಕಷ್ಟದ ಪತ್ರ ಅದಲ್ಲ. ಎರಡನೆಯದನ್ನು ಅವಳು ತಂದೆಗೆ ಬರೆದಳು. ಕಾಗದದಲ್ಲಿ ಬರೆದು, ಫೋಟೋ ತೆಗೆದು ಅವರ ಮೊಬೈಲಿಗೆ ಕಳುಹಿಸಿದಳು. ನನಗೆ ತೋರಿಸಿದ್ದು ಕಳುಹಿಸಿದ ಮೇಲೆ. ಅದು ಆರಂಭವಾಗುವುದೇ ತಂದೆಯ ಹೆದರಿಕೆ ನ್ಯಾಯವಾದದ್ದು ಎಂಬಲ್ಲಿಂದ. ಗೇರು ತೋಪಿನ ದಾರಿಯಲ್ಲಿ ಕತ್ತಲೆಗೆ ನಡೆಯುವಾಗ ಪಕ್ಕದ ಮನೆಯ ನಾಯಿ ಅಟ್ಟಿಸಿಕೊಂಡು ಬಂದದ್ದು, ಅದನ್ನು ಉಮ್ಮನಿಗೂ ಹೇಳದೆ ಮುಚ್ಚಿಟ್ಟದ್ದು ತನ್ನ ತಪ್ಪೆಂದು ಒಪ್ಪಿಕೊಂಡಿದ್ದಳು. ಆಮೇಲೆ ಬದಲಾದ ಬಸ್ಸಿನ ಸಮಯ, ಪಾಸಿನ ಖರ್ಚು, ಪದವಿಗೆ ಬೇಕಾಗುವ ಶುಲ್ಕ, ಸಿಗಬಹುದಾದ ವಿದ್ಯಾರ್ಥಿವೇತನ. ಈಗ ಮಗ್ರಿಬ್ ಬಾಂಗ್‌ಗೆ ಮೊದಲೇ ತಾನು ಮನೆಯಲ್ಲಿರುತ್ತೇನೆ ಎಂದೂ ಬರೆದಿದ್ದಳು. ಈ ಸಲ ಆ ಪದಕ್ಕೆ ಕೆಂಪು ಶಾಯಿ ಬೇಕಿರಲಿಲ್ಲ.

ಹನ್ನೊಂದು ದಿನ ಉತ್ತರವಿಲ್ಲ. ಹನ್ನೆರಡನೆಯ ದಿನ ಫೋನ್ ಬಂತು. ತಂದೆ ಮಾತಾಡಿದ್ದು ತಾಯಿಯಲ್ಲಿ.

"ಇದು ಆ ಟೀಚರ್ ಬರೆದುಕೊಟ್ಟದ್ದಾ?"

"ನಾಯಿಯ ವಿಷಯ ಟೀಚರಿಗೆ ಹೇಗೆ ಗೊತ್ತು?" ಎಂದರಂತೆ ತಾಯಿ. "ನನಗೇ ಗೊತ್ತಿರಲಿಲ್ಲ."

ಆ ಕಡೆಯಿಂದ ತುಸು ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಕಾಲೇಜಿಗೆ ಶುಲ್ಕ ಕಟ್ಟುವ ಕೊನೆಯ ತಾರೀಖು ಯಾವುದೆಂದು ಕೇಳಿದರು.